ಹತ್ತೊಂಬತ್ತು ತೂತುಗಳು
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನೊಬ್ಬನು ಲೋಹ ಕೊರೆಯುವ ವಿಷಯವಾಗಿ ಮಾತನಾಡಲು ನಿಂತರೆ ತಮಗೆ ನಗು ಬರುವುದು ಸಹಜ. ಕಾರ್ಯದರ್ಶಿಗಳು ಕೇಳಿದಾಗ ನಾನು ಠೇವಣಿಯ ಬಡ್ಡಿಯನ್ನು ಕುರಿತು ಹೇಳುತ್ತೇನೆಂದೆ. "ಅದು ಬೇಡ, ಭಾನುವಾರ ನಿಮ್ಮ ಬಾಲ್ಕನಿಯಲ್ಲಿ ಕೇಳುವ ಸದ್ದು ಏನೆಂಬುದನ್ನು ಹೇಳಿ" ಎಂದರು. ಅವರು ನಮ್ಮ ಕೆಳಗಿನ ಮನೆಯವರು. ಆದುದರಿಂದ ಇದು ಭಾಷಣವೂ ಹೌದು, ಕ್ಷಮಾಪಣೆಯೂ ಹೌದು.

ನಮ್ಮ ತಂದೆಯವರು ಭದ್ರಾವತಿಯಲ್ಲಿ ಫಿಟ್ಟರ್ ಕೆಲಸ ಕಲಿತು, ಹೊಟ್ಟೆಪಾಡಿಗೆ ಪುಣೆಗೆ ಬಂದು, ಪಿಂಪ್ರಿಯ ಕಡೆ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದರು. ನಾನು ಹುಡುಗನಾಗಿದ್ದಾಗ ಅವರ ಪೆಟ್ಟಿಗೆಯ ಒಂದು ಅರವನ್ನೂ ಮುಟ್ಟಗೊಡಲಿಲ್ಲ. "ಈ ಎಣ್ಣೆ ಕೈಗೆ ಹತ್ತಿದರೆ ಬಿಡಲ್ಲ ಕಣೋ, ನೀನು ಹೋಗಿ ಓದು" ಎನ್ನುವರು. ಓದಿದೆ, ಬಿ.ಕಾಂ. ಆಯಿತು, ಬ್ಯಾಂಕು ಸೇರಿದೆ. ಅವರಿಗೆ ಸಂತೋಷವಾಯಿತು. ಈಗ ಅವರ ಕಣ್ಣಿಗೆ ಪೊರೆ ಬಂದಿದೆ, ಬಲಗೈ ನಡುಗುತ್ತದೆ. ಬಾಲ್ಕನಿಯಲ್ಲಿ ಮೇಜಿನ ಮೇಲೆ ನಿಲ್ಲುವ ಡ್ರಿಲ್ಲಿಂಗ್ ಯಂತ್ರವೊಂದು ಬಟ್ಟೆ ಹೊದ್ದುಕೊಂಡು ಕೂತಿತ್ತು. ನಿವೃತ್ತಿಯ ಹಣದಲ್ಲಿ ಅವರು ತಮಗಾಗಿ ಕೊಂಡ ವಸ್ತು ಅದೊಂದೇ.

ಅದರ ಬಟ್ಟೆ ತೆಗೆಯುವ ಪ್ರಸಂಗ ಬಂದದ್ದು ಅಮ್ಮನ ಶ್ಯಾವಿಗೆಯಿಂದ. ಅಜ್ಜಿಯ ಕಾಲದ ಹಲಸಿನ ಮರದ ಶ್ಯಾವಿಗೆ ಒರಳು ನಮ್ಮಲ್ಲುಂಟು. ಮನೆ ಬದಲಾಯಿಸುವಾಗ ಅದರ ತಳದ ಬಿಲ್ಲೆ ಕಳೆದುಹೋಯಿತು. ಅಂಗಡಿಯ ಬಿಲ್ಲೆ ಒಂದೂ ಅದಕ್ಕೆ ಕೂಡಲಿಲ್ಲ. "ಹೋಗಲಿ ಬಿಡು, ಪೊಟ್ಟಣದ ಶ್ಯಾವಿಗೆಯನ್ನೇ ತಂದರಾಯಿತು" ಎಂದು ಅಮ್ಮ ಹೇಳಿದಳು. ಅಪ್ಪ ಮಾತನಾಡಲಿಲ್ಲ. ರಾತ್ರಿ ಊಟವಾದ ಮೇಲೆ ತಮ್ಮ ಪೆಟ್ಟಿಗೆಯನ್ನು ನನ್ನ ಕಡೆಗೆ ತಳ್ಳಿದರು.

ಭೋಸರಿಯ ಒಂದು ಚಿಕ್ಕ ಲೇಥ್ ಅಂಗಡಿಯಲ್ಲಿ ಹಿತ್ತಾಳೆಯ ಬಿಲ್ಲೆಯೊಂದನ್ನು ಒರಳಿನ ಅಳತೆಗೆ ಕಡೆಸಿಕೊಂಡು ಬಂದೆನು. ಅದರಲ್ಲಿ ನಡುವೆ ಒಂದು, ಸುತ್ತ ಆರು, ಅದರ ಹೊರಗೆ ಹನ್ನೆರಡು, ಹೀಗೆ ಒಟ್ಟು 19 ತೂತುಗಳು. ಒಂದೊಂದೂ ಒಂದೂವರೆ ಮಿಲಿಮೀಟರ್. ತೂತಿನಿಂದ ತೂತಿಗೆ 8 ಮಿಲಿಮೀಟರ್. ಇದರಲ್ಲೇನು ಕಷ್ಟ ಎಂದುಕೊಂಡೆ. ಅಳತೆಪಟ್ಟಿಯಿಟ್ಟು ಒಂದು ತೂತಿನಿಂದ ಮುಂದಿನದಕ್ಕೆ ಅಳೆಯುತ್ತಾ ಗುರುತು ಹಾಕಿ, ಸುತ್ತಿ ಬರುವಷ್ಟರಲ್ಲಿ ಕೊನೆಯ ಗುರುತು ಮೊದಲನೆಯದನ್ನು ಸೇರಲೇ ಇಲ್ಲ. ಪ್ರತಿ ಹೆಜ್ಜೆಗೂ ಮಿಲಿಮೀಟರಿನ ಹತ್ತನೆಯ ಒಂದು ಪಾಲು ತಪ್ಪಿದರೆ ಆರನೆಯ ಹೆಜ್ಜೆಗೆ ಆರು ಪಾಲು ತಪ್ಪುತ್ತದೆ. ನಿನ್ನೆಯ ತಪ್ಪು ಶಿಲ್ಕನ್ನೇ ಇಂದಿನ ಆರಂಭದ ಶಿಲ್ಕೆಂದು ಬರೆದುಕೊಂಡು ಹೋದ ಹಾಗೆ! ಲೆಕ್ಕ ಓದಿದವನು ನಾನು, ಲೋಹದ ಮೇಲೆ ಅದೇ ತಪ್ಪನ್ನು ಮಾಡಿದೆ.

ಅಪ್ಪ ಹೇಳಿಕೊಟ್ಟ ಕ್ರಮ ಇದು. ಮೊದಲು ಬಿಲ್ಲೆಗೆ ನೀಲಿ ಶಾಯಿ ಬಳಿಯಬೇಕು. ನಡುವನ್ನು ಹುಡುಕಿ, ಅಲ್ಲಿಂದ ಎರಡು ಗೆರೆಗಳನ್ನು ಒಂದಕ್ಕೊಂದು ನೇರಡ್ಡವಾಗಿ ಉಕ್ಕಿನ ಮೊನೆಯಿಂದ ಗೀಚಬೇಕು. ಇನ್ನು ಮೇಲೆ ಎಲ್ಲ ಅಳತೆಯೂ ಆ ಎರಡು ಗೆರೆಗಳಿಂದಲೇ. ತೂತಿನಿಂದ ತೂತಿಗೆ ಅಳೆಯಕೂಡದು. ಕೈವಾರವನ್ನು 8 ಮಿಲಿಮೀಟರಿಗೆ ತೆರೆದು ವೃತ್ತ ಎಳೆದು, ಅದೇ ತೆರಪಿನಿಂದ ವೃತ್ತದ ಮೇಲೆ ಆರು ಹೆಜ್ಜೆ ಹಾಕಿದರೆ ಆರನೆಯದು ಹೊರಟ ಚುಕ್ಕೆಗೇ ಬಂದು ಸೇರಬೇಕು. ಇದು ಗುರುತು ಹಾಕುವ ದಾರಿಯಲ್ಲ, ತಾಳೆ ನೋಡುವ ದಾರಿ. ಸೇರದಿದ್ದರೆ ಕೈವಾರ ತಪ್ಪಿದೆ, ಒರೆಸಿ ಮತ್ತೆ ಆರಂಭಿಸು.

ಆಮೇಲಿನದು ನನ್ನನ್ನು ಬೆರಗುಗೊಳಿಸಿತು. ಗೀಚಿದ ಗೆರೆಯೆಂದರೆ ಬಣ್ಣವಲ್ಲ, ಒಂದು ಸಣ್ಣ ಕಾಲುವೆ. ಮೊನೆಯಾದ ಪಂಚನ್ನು ಓರೆಯಾಗಿ ಹಿಡಿದು ಒಂದು ಗೆರೆಯ ಗುಂಟ ಮೆಲ್ಲಗೆ ಜಾರಿಸಿದರೆ, ಅಡ್ಡಗೆರೆ ಸಿಕ್ಕಿದ ಕಡೆ ಅದು ಟಕ್ಕನೆ ತಡೆಯುತ್ತದೆ. ಅಲ್ಲಿ ನೆಟ್ಟಗೆ ನಿಲ್ಲಿಸಿ ಹಗುರವಾಗಿ ಒಂದೇ ಏಟು. ನಾನು ಭೂತಗನ್ನಡಿ ಹಿಡಿದು ಬಗ್ಗಿ ಹುಡುಕುತ್ತಿದ್ದೆ. ಪೊರೆಗಣ್ಣಿನ ಅಪ್ಪ ಎಲ್ಲಿಯೋ ನೋಡುತ್ತ, ಎಡಗೈಯಲ್ಲಿ ಪಂಚು ಹಿಡಿದು, "ಇಲ್ಲಿದೆ, ಹೊಡಿ" ಎಂದರು. ಸುತ್ತಿಗೆ ನನ್ನದು. 19 ಚುಕ್ಕೆಗಳನ್ನೂ ಹೀಗೆಯೇ ಇಬ್ಬರೂ ಸೇರಿ ಹೊಡೆದೆವು. ಅವರ ಬೆರಳಿಗೆ ಏಟು ತಗಲಿದ್ದು ಒಂದು ಸಲ ಮಾತ್ರ.

ಹಿತ್ತಾಳೆಯ ಬಿಲ್ಲೆ ಚೆನ್ನಾಗಿಯೇ ಬಂತು. ಆದರೆ ಅದನ್ನು ತೋರಿಸಲು ಹೋದಾಗ ಲೇಥಿನವನು, "ಬೆಣ್ಣೆಯ ಹಾಗೆ ಕೊರೆಯಿತು ಅಲ್ಲವೆ? ಇದರಲ್ಲಿ ಸೀಸ ಉಂಟು" ಎಂದು ಹೆಮ್ಮೆಯಿಂದ ಹೇಳಿದನು. ಯಂತ್ರಕ್ಕೆ ಸುಲಭವಾಗಲೆಂದೇ ಮಾಡುವ ಹಿತ್ತಾಳೆಯ ಸರಳಿನಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಸೀಸವಿರುತ್ತದೆ. ಸೀಸವು ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಎರಡು ಭಾನುವಾರಗಳ ಶ್ರಮ! ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಡಿಗೆಮನೆಗೆ ಬೇಡ" ಎಂದು ಪೆಟ್ಟಿಗೆಯಲ್ಲಿಟ್ಟರು. ಅಡಿಗೆಗೆ ಬಳಸುವ ಹಿತ್ತಾಳೆಯ ಸಾಮಾನು ಮಾಡಿಸುವ ತಾಯಂದಿರು ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಮತ್ತೆ ಸ್ಟೇನ್‌ಲೆಸ್ ಉಕ್ಕಿನ ಬಿಲ್ಲೆ ಬಂತು. ಇದರ ಸ್ವಭಾವ ಹಟಮಾರಿ ಮಗುವಿನದು. ಅಂಜುತ್ತಂಜುತ್ತ ಒತ್ತಿದರೆ ಡ್ರಿಲ್ಲು ಕೊರೆಯುವುದಿಲ್ಲ, ಉಜ್ಜುತ್ತದೆ. ಉಜ್ಜಿದ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಆಮೇಲೆ ಡ್ರಿಲ್ಲೇ ಸುಡುತ್ತದೆ. ವೇಗವನ್ನೂ ಲೆಕ್ಕ ಹಾಕಬೇಕು. ಈ ಉಕ್ಕಿನ ಮೇಲೆ ಡ್ರಿಲ್ಲಿನ ಅಂಚು ನಿಮಿಷಕ್ಕೆ ಸುಮಾರು 12 ಮೀಟರ್ ಓಡಬಹುದು. ಒಂದೂವರೆ ಮಿಲಿಮೀಟರ್ ಡ್ರಿಲ್ಲಿನ ಸುತ್ತಳತೆ 4.7 ಮಿಲಿಮೀಟರ್. ಭಾಗಿಸಿದರೆ ನಿಮಿಷಕ್ಕೆ ಸುಮಾರು 2500 ಸುತ್ತು. ಇಂಥ ಲೆಕ್ಕ ನನ್ನ ಪಾಲಿಗೆ ಬಿಟ್ಟದ್ದು. ಅಪ್ಪ ಸದ್ದು ಕೇಳಿಯೇ "ಸರಿ" ಅಥವಾ "ಅಲ್ಲ" ಎನ್ನುವರು.

ಸಣ್ಣ ಡ್ರಿಲ್ಲು ಉದ್ದವಾದಷ್ಟೂ ಬಳುಕುತ್ತದೆ. ಚುಕ್ಕೆಯ ಮೇಲೆ ಇಟ್ಟರೂ ಪಕ್ಕಕ್ಕೆ ನಡೆಯುತ್ತದೆ. ಅದಕ್ಕೇ ಮೊದಲು ಗಿಡ್ಡನೆಯ, ದಪ್ಪ ಬುಡದ ಸೆಂಟರ್ ಡ್ರಿಲ್ಲಿನಿಂದ ಕುಳಿ ಮಾಡಿ, ಆಮೇಲೆ ನಿಜವಾದ ಡ್ರಿಲ್ಲನ್ನು ಇಳಿಸಬೇಕು. ಸ್ವಲ್ಪ ಕೊರೆದು ಮೇಲೆತ್ತು, ಸುರುಳಿ ಹೊರಗೆ ಬರಲಿ, ಎಣ್ಣೆ ಹಾಕು, ಮತ್ತೆ ಧೈರ್ಯವಾಗಿ ಇಳಿಸು. ಎಣ್ಣೆಯೆಂದರೆ ಅಮ್ಮನ ಕೊಬ್ಬರಿ ಎಣ್ಣೆ. ಅವಳಿಗೆ ಈ ವಿಷಯ ಇಂದಿನವರೆಗೆ ತಿಳಿಯದು. ಮೂರು ಡ್ರಿಲ್ಲು ಮುರಿದವು. ಬ್ಯಾಂಕಿನಲ್ಲಿ ತಪ್ಪು ಬರೆದರೆ ತಿರುವು ನಮೂದು ಹಾಕಿ ಸರಿಪಡಿಸಬಹುದು. ತೂತಿಗೆ ತಿರುವು ನಮೂದಿಲ್ಲ.

ತೂತು ಕೊರೆಯುವುದಕ್ಕೆ ನಮ್ಮಲ್ಲಿ ಬೈರಿಗೆ ಎಂಬ ಒಳ್ಳೆಯ ಮಾತುಂಟು. ಇಲ್ಲಿಯ ಮರಾಠಿ ಬಡಗಿಗೆ ಅದು ಗಿರಮಿಟ್. ನಮ್ಮ ಹುಬ್ಬಳ್ಳಿಯ ಸದಸ್ಯರೊಬ್ಬರು ಆ ಹೆಸರು ಕೇಳಿದೊಡನೆ ಮಂಡಕ್ಕಿ ಬರುತ್ತದೆಂದು ತಟ್ಟೆ ಹುಡುಕಿದರು!

ಬಿಲ್ಲೆಯಾದ ಮೇಲೆ ಪರೀಕ್ಷೆ. ಅಪ್ಪನ ಉಪಾಯ ಸರಳ. ಒಂದೂವರೆ ಮಿಲಿಮೀಟರ್ ಡ್ರಿಲ್ಲಿನ ನಯವಾದ ಹಿಂಬದಿ ತೂತಿನೊಳಗೆ ಹೋಗಬೇಕು; 1.6 ಮಿಲಿಮೀಟರಿನದು ಹೋಗಬಾರದು. ಹದಿನೆಂಟು ತೂತುಗಳು ತೇರ್ಗಡೆಯಾದವು. ಒಂದರಲ್ಲಿ 1.6 ಸಲೀಸಾಗಿ ಇಳಿಯಿತು. ಮೂರನೆಯ ಡ್ರಿಲ್ಲು ಮುರಿಯುವ ಮುಂಚೆ ಅಲುಗಾಡಿದ್ದು ಅಲ್ಲಿಯೇ.

"ಇಷ್ಟಕ್ಕೇನಪ್ಪ, ಶ್ಯಾವಿಗೆ ತಾನೆ" ಎಂದೆ.

"ಹಿಟ್ಟು ಒತ್ತಿ ನೋಡು" ಎಂದರು.

ಒತ್ತಿದೆವು. ಅಮ್ಮ ಬಿಸಿ ಹಿಟ್ಟಿನ ಉಂಡೆ ಹಾಕಿದಳು, ನಾನು ಹಿಡಿ ಒತ್ತಿದೆ. ಹದಿನೆಂಟು ಎಳೆಗಳು ಒಂದೇ ಸಮನೆ ಇಳಿದವು. ಹತ್ತೊಂಬತ್ತನೆಯದು ದಪ್ಪಗೆ, ಎಲ್ಲಕ್ಕಿಂತ ಮುಂದಾಗಿ, ತಟ್ಟೆ ಮುಟ್ಟಿ ಸುತ್ತಿಕೊಂಡಿತು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಹಿಟ್ಟು ಸುಲಭದ ದಾರಿ ಹಿಡಿಯುತ್ತದೆ. ಅಪ್ಪನಿಗೆ ಎಳೆ ಕಾಣಲಿಲ್ಲ; ಬೆರಳಿನಿಂದ ಮುಟ್ಟಿ ನೋಡಿ ನಕ್ಕರು. ಅಮ್ಮ ಮಾತ್ರ ಎಂಟು ವರ್ಷದ ಮೇಲೆ ಮನೆಯ ಶ್ಯಾವಿಗೆ ಎಂದು ಕಾಯಿಹಾಲು ಮಾಡಲು ಎದ್ದಳು. ಆ ದಿನ ಅಪ್ಪ ಎರಡು ಸಲ ಬಡಿಸಿಕೊಂಡರು.

ಎರಡನೆಯ ಉಕ್ಕಿನ ಬಿಲ್ಲೆಗೆ ಈಗ ನೀಲಿ ಬಳಿದಿದ್ದೇವೆ. ನಮ್ಮ ಸಂಘದ ಹುಡುಗರು ಹುಡುಗಿಯರು ಯಾರಿಗಾದರೂ ನೋಡುವ ಇಚ್ಛೆಯಿದ್ದರೆ ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಬರಬಹುದು. ಸದ್ದಿಗೆ ಕೆಳಗಿನ ಮನೆಯವರು ಅನುಮತಿ ಕೊಟ್ಟಿರುವುದು ಆ ಎರಡು ಗಂಟೆಗೆ. ಕನ್ನಡಕ ನಾವು ಕೊಡುತ್ತೇವೆ. ಕೈಗವಸು ಹಾಕಿಕೊಂಡು ಯಂತ್ರದ ಬಳಿ ಬರಬೇಡಿ, ಡ್ರಿಲ್ಲು ಅದನ್ನು ಕೈಸಮೇತ ಸುತ್ತಿಕೊಳ್ಳುತ್ತದೆ. ಜಡೆ ಮೇಲೆ ಕಟ್ಟಿರಬೇಕು. ತೆಳು ತಗಡನ್ನು ಕೈಯಲ್ಲಿ ಹಿಡಿದು ಕೊರೆಯಗೊಡುವುದಿಲ್ಲ, ಅದು ಗರಗಸದ ಹಾಗೆ ತಿರುಗೀತು. ಪಂಚು ಹಿಡಿಯುವುದಕ್ಕೆ ಅಪ್ಪ ಇರುತ್ತಾರೆ. ಸುತ್ತಿಗೆ ಹಿಡಿಯುವವರು ಮಾತ್ರ ಸ್ವಲ್ಪ ನೋಡಿಕೊಂಡು ಹೊಡೆಯಬೇಕು.