ಮಿಲೋವಾನ್ ಜಿಲಾಸ್: ತಮ್ಮವರ ಲೆಕ್ಕ ಕೇಳಿದ ಮನುಷ್ಯ

 

1954ರ ಜನವರಿ ತಿಂಗಳ 16 ಮತ್ತು 17ರಂದು ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಸೇರಿತು. ಸಭೆಯ ಕಲಾಪವನ್ನು ರೇಡಿಯೊ ಮೂಲಕ ದೇಶಕ್ಕೆಲ್ಲ ಕೇಳಿಸಲಾಯಿತು. ಅಲ್ಲಿ ವಿಚಾರಣೆಗೆ ನಿಂತದ್ದು ಒಬ್ಬರೇ ವ್ಯಕ್ತಿ. ಮೂರು ವಾರಗಳ ಹಿಂದಷ್ಟೇ ಅವರು ಆ ದೇಶದ ಸಂಸತ್ತಿನ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. ಟಿಟೊ, ಕಾರ್ಡೆಲ್, ರಾಂಕೊವಿಚ್ ಇವರೊಡನೆ ದೇಶವನ್ನು ಆಳುತ್ತಿದ್ದ ನಾಲ್ವರಲ್ಲಿ ಅವರೂ ಒಬ್ಬರು. ಅವರ ಹೆಸರು ಮಿಲೋವಾನ್ ಜಿಲಾಸ್. ಸಭೆ ಮುಗಿಯುವ ಹೊತ್ತಿಗೆ ಅವರಿಗೆ ಪಕ್ಷದಲ್ಲಿ ಯಾವ ಸ್ಥಾನವೂ ಉಳಿದಿರಲಿಲ್ಲ.

ಅವರು ಹಣ ತಿಂದಿರಲಿಲ್ಲ, ಶತ್ರುದೇಶಕ್ಕೆ ಗುಟ್ಟು ಮಾರಿರಲಿಲ್ಲ. ಲೇಖನಗಳನ್ನು ಬರೆದಿದ್ದರು, ಅಷ್ಟೇ.

ಜಿಲಾಸರು ಹುಟ್ಟಿದ್ದು 1911ರಲ್ಲಿ, ಮಾಂಟೆನೆಗ್ರೊದ ಪೊಡ್ಬಿಷ್ಚೆ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಕುಲವೈರ, ಪ್ರತೀಕಾರ, ಬಡತನ ಇವೇ ಅಲ್ಲಿಯ ಬಾಲ್ಯದ ಪಾಠಗಳು. ಬೆಲ್‌ಗ್ರೇಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ 1932ರಲ್ಲಿ ನಿಷೇಧಿತ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ಮರುವರ್ಷ ರಾಜಸರ್ಕಾರ ಅವರನ್ನು ಸೆರೆಗೆ ತಳ್ಳಿತು. ಮೂರು ವರ್ಷದ ಶಿಕ್ಷೆಯ ಬಹುಭಾಗವನ್ನು ಸ್ರೆಮ್ಸ್ಕಾ ಮಿತ್ರೊವಿತ್ಸಾ ಎಂಬಲ್ಲಿಯ ಸೆರೆಮನೆಯಲ್ಲಿ ಕಳೆದರು. ಈ ಊರಿನ ಹೆಸರು ಮುಂದೆಯೂ ಬರಲಿದೆ.

ಯುದ್ಧ ಬಂತು. ಜಿಲಾಸರು ಗೆರಿಲ್ಲಾ ಪಡೆಯ ನಾಯಕರಾದರು. ಆ ಯುದ್ಧದಲ್ಲಿ ಅವರ ತಂದೆ, ಇಬ್ಬರು ಸಹೋದರರು, ಒಬ್ಬ ಸಹೋದರಿ ಹತರಾದರು. ಆದರೆ ಅಹಿಂಸೆಯನ್ನು ಪರಮಧರ್ಮವೆಂದು ನಂಬುವ ಸಭೆಯಲ್ಲಿ ಇದರ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಸಲ್ಲದು. 1941ರಲ್ಲಿ ಮಾಂಟೆನೆಗ್ರೊದಲ್ಲಿ ಕಮ್ಯುನಿಸ್ಟರು ಶಂಕಿತರನ್ನೂ ವಿರೋಧಿಗಳನ್ನೂ ಗುಂಡಿಟ್ಟು ಕೊಂದ ಕಾಲದಲ್ಲಿ ಅಲ್ಲಿಯ ಹೊಣೆಗಾರರಲ್ಲಿ ಜಿಲಾಸರೂ ಇದ್ದರು. ಆ ವರ್ಷವೇ ಅವರನ್ನು ಅಲ್ಲಿಂದ ಹಿಂದಕ್ಕೆ ಕರೆಸಲಾಯಿತು. ಯುದ್ಧಾನಂತರ ಪಕ್ಷದ ಪ್ರಚಾರ ವಿಭಾಗದ ಮುಖ್ಯಸ್ಥರಾಗಿ, ಯಾವುದು ಅಚ್ಚಾಗಬೇಕು, ಯಾವುದು ಆಗಬಾರದು ಎಂದು ನಿರ್ಧರಿಸುತ್ತಿದ್ದವರೂ ಅವರೇ. ಸಂತನಾಗಿ ಹುಟ್ಟಿದ ಮನುಷ್ಯನ ಕಥೆ ಇದಲ್ಲ.

ಆದರೂ ನಾಲಿಗೆಯನ್ನು ಬಿಗಿಹಿಡಿಯುವುದು ಅವರ ಸ್ವಭಾವದಲ್ಲಿ ಇರಲಿಲ್ಲ. ಯುದ್ಧದ ಕೊನೆಯಲ್ಲಿ ಯುಗೊಸ್ಲಾವಿಯವನ್ನು ಪ್ರವೇಶಿಸಿದ ಸೋವಿಯತ್ ಸೈನಿಕರು ಹೆಂಗಸರ ಮೇಲೆ ಅತ್ಯಾಚಾರವೆಸಗಿದಾಗ, ಈ ವಿಷಯದಲ್ಲಿ ಜನ ಇಂಗ್ಲಿಷ್ ಅಧಿಕಾರಿಗಳನ್ನೇ ಮೇಲೆನ್ನುತ್ತಿದ್ದಾರೆ ಎಂದು ಸೋವಿಯತ್ ಸೇನಾಧಿಕಾರಿಯ ಎದುರೇ ಹೇಳಿಬಿಟ್ಟರು. ಸ್ಟಾಲಿನ್ ಇದನ್ನು ತಮ್ಮ ಸೈನ್ಯಕ್ಕಾದ ಅವಮಾನವೆಂದು ಭಾವಿಸಿದರು. 1948ರಲ್ಲಿ ಟಿಟೊ ಮತ್ತು ಸ್ಟಾಲಿನ್ ಬೇರೆಯಾದಾಗ ಜಿಲಾಸರು ಟಿಟೊ ಪರವಾಗಿ ನಿಂತರು. 1953ರ ಜನವರಿಯಲ್ಲಿ ರಂಗೂನಿನ ಏಷ್ಯನ್ ಸಮಾಜವಾದಿ ಸಮ್ಮೇಳನಕ್ಕೂ ಬಂದಿದ್ದರು.

ಅದೇ ವರ್ಷದ ಅಕ್ಟೋಬರಿನಿಂದ ಪಕ್ಷದ ಪತ್ರಿಕೆ 'ಬೋರ್ಬಾ'ದಲ್ಲಿ ಅವರ ಲೇಖನಮಾಲೆ ಆರಂಭವಾಯಿತು. ಕ್ರಾಂತಿ ಮುಗಿದಿದೆ, ಇನ್ನು ಕಾನೂನು ಆಳಲಿ, ಪಕ್ಷ ತನ್ನ ಹಿಡಿತವನ್ನು ಸಡಿಲಿಸಲಿ ಎಂಬುದು ಅವುಗಳ ಸಾರ. ಇಷ್ಟನ್ನು ಸಂಗಾತಿಗಳು ಹೇಗೋ ಸಹಿಸಿದರು. ಸಹಿಸಲಾಗದೆ ಹೋದದ್ದು 'ನೋವಾ ಮಿಸಾವೊ' ಎಂಬ ಮಾಸಿಕದಲ್ಲಿ ಬಂದ ಬರಹ. ಸೇನಾಪತಿ ಪೆಕೊ ದಾಪ್ಚೆವಿಚ್ ಒಬ್ಬ ತರುಣ ನಟಿಯನ್ನು ಮದುವೆಯಾಗಿದ್ದರು. ಹೋರಾಟದ ದಿನಗಳಲ್ಲಿ ಕಾಡಿನಲ್ಲಿರದ ಈ ಹುಡುಗಿ ನಮ್ಮ ಸಾಲಿನಲ್ಲಿ ಕೂರುವುದೇ ಎಂದು ಮಂತ್ರಿಗಳ, ಸೇನಾಪತಿಗಳ ಹೆಂಡಂದಿರು ಆಕೆಯನ್ನು ಮಾತನಾಡಿಸದೆ ದೂರವಿಟ್ಟರು. ಜಿಲಾಸರು ಯಾರ ಹೆಸರನ್ನೂ ಬರೆಯದೆ ಆ ಬಂಗಲೆಗಳ, ಕಾರುಗಳ, ವಿಶೇಷ ಸವಲತ್ತುಗಳ ಲೋಕವನ್ನು ಬಿಚ್ಚಿಟ್ಟರು. ಓದಿದವರಿಗೆಲ್ಲ ಯಾರು ಯಾರೆಂದು ತಿಳಿಯಿತು. ತತ್ತ್ವದ ಟೀಕೆಯನ್ನು ಕ್ಷಮಿಸಬಹುದು. ಮನೆಯ ಪಡಸಾಲೆಯ ಟೀಕೆಯನ್ನು ಯಾವ ಸಮಾಜವೂ ಸುಲಭವಾಗಿ ಕ್ಷಮಿಸುವುದಿಲ್ಲ. ಬಹಿಷ್ಕಾರದ ರುಚಿ ಕಂಡ ಯಾವ ಸಮುದಾಯಕ್ಕೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೀಗಾಗಿ ಜನವರಿಯ ಆ ಸಭೆ. ಅವರ ಪರವಾಗಿ ಮಾತನಾಡಿದವರು ಬೆರಳೆಣಿಕೆಯಷ್ಟು: ಟಿಟೊ ಅವರ ಜೀವನಚರಿತ್ರೆಯನ್ನು ಬರೆದ ವ್ಲಾದಿಮಿರ್ ದೆದಿಯೆರ್, ಮತ್ತು ಆಗಲೇ ವಿಚ್ಛೇದನ ಪಡೆದಿದ್ದ ಮೊದಲ ಪತ್ನಿ ಮಿತ್ರಾ ಮಿತ್ರೊವಿಚ್. ಎರಡನೆಯ ದಿನ ಜಿಲಾಸರ ಧೈರ್ಯವೂ ಕುಸಿಯಿತು, ತಪ್ಪಾಯಿತೆಂಬಂತೆ ಮಾತನಾಡಿದರು. ಆ ತಗ್ಗಿದ ತಲೆ ಅವರನ್ನು ಬಹುಕಾಲ ಬಾಧಿಸಿತು. ಕೆಲವೇ ತಿಂಗಳಲ್ಲಿ ಪಕ್ಷದ ಸದಸ್ಯತ್ವದ ಚೀಟಿಯನ್ನು ತಾವೇ ಹಿಂದಿರುಗಿಸಿದರು.

1954ರ ಡಿಸೆಂಬರಿನಲ್ಲಿ ಟಿಟೊ ನಮ್ಮ ದೇಶದ ಪ್ರವಾಸದಲ್ಲಿದ್ದರು. ದೆಹಲಿಯಲ್ಲಿ ನೆಹರೂ ಅವರೊಡನೆ ಶಾಂತಿ-ಸಹಬಾಳ್ವೆಗಳ ಮಾತು ನಡೆದಿತ್ತು. ಅದೇ ತಿಂಗಳು ಜಿಲಾಸರು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಸಂದರ್ಶನ ಕೊಟ್ಟು, ಎರಡನೆಯ ಪಕ್ಷವೊಂದು ಬೇಕೆಂದರು. ಅದಕ್ಕೆ ಜಾರಿಯನ್ನು ತಡೆಹಿಡಿದ ಹದಿನೆಂಟು ತಿಂಗಳ ಶಿಕ್ಷೆಯಾಯಿತು. 1956ರಲ್ಲಿ ಹಂಗೆರಿಯ ದಂಗೆಯನ್ನು ಸಮರ್ಥಿಸಿದಾಗ ನಿಜವಾದ ಸೆರೆ, ಮೂರು ವರ್ಷ. ಕಳುಹಿಸಿದ್ದು ಸ್ರೆಮ್ಸ್ಕಾ ಮಿತ್ರೊವಿತ್ಸಾಕ್ಕೆ. ರಾಜನ ಕಾಲದ ಅದೇ ಸೆರೆಮನೆ. ಬೀಗದ ಕೈ ಮಾತ್ರ ಅವರ ಹಳೆಯ ಗೆಳೆಯರ ಬಳಿ ಇತ್ತು.

ಬಂಧನಕ್ಕೆ ಮೊದಲೇ ಒಂದು ಹಸ್ತಪ್ರತಿ ಅಮೆರಿಕವನ್ನು ಸೇರಿತ್ತು. 1957ರಲ್ಲಿ ಅದು 'ಹೊಸ ವರ್ಗ' ಎಂಬ ಅರ್ಥದ ಹೆಸರಿನಲ್ಲಿ ಪ್ರಕಟವಾಯಿತು. ಅದರ ವಾದ ಲೆಕ್ಕ ಬಲ್ಲವರಿಗೆ ತಟ್ಟನೆ ಹಿಡಿಸುವಂಥದು. ರೋಮನ್ ಕಾನೂನಿನಂತೆ ಆಸ್ತಿಯೆಂದರೆ ವಸ್ತುವನ್ನು ಬಳಸುವ, ಅನುಭವಿಸುವ, ವಿಲೇವಾರಿ ಮಾಡುವ ಹಕ್ಕು. ಕಾರ್ಖಾನೆ ಕಾಗದದ ಮೇಲೆ ಜನರದು. ಆದರೆ ಈ ಮೂರು ಹಕ್ಕುಗಳೂ ಪಕ್ಷದ ಅಧಿಕಾರಿಗಳ ಕೈಯಲ್ಲಿದ್ದರೆ ನಿಜವಾದ ಒಡೆಯರು ಅವರೇ. ಹಳೆಯ ಜಮೀನ್ದಾರನಿಗೆ ಪತ್ರವಿತ್ತು. ಇವರಿಗೆ ಪತ್ರವೂ ಬೇಕಿಲ್ಲ, ಆದ್ದರಿಂದ ಲೆಕ್ಕವನ್ನೂ ಒಪ್ಪಿಸಬೇಕಿಲ್ಲ.

ಜೈನರಿಗೆ ಇದು ಅಪರಿಚಿತ ವಿಚಾರವಲ್ಲ. ಉಮಾಸ್ವಾತಿ ಆಚಾರ್ಯರು ಪರಿಗ್ರಹವನ್ನು ಗುರುತಿಸಿದ್ದು ಮೂರ್ಛೆಯಲ್ಲಿ, ಎಂದರೆ ವಸ್ತುವಿಗೆ ಅಂಟಿಕೊಂಡ ಮಮಕಾರದಲ್ಲಿ. ನಮ್ಮ ಸಂಘಗಳ ಟ್ರಸ್ಟ್ ಪತ್ರಗಳಲ್ಲಿಯೂ ಆಸ್ತಿ ಟ್ರಸ್ಟಿಗಳ ಸ್ವಂತದ್ದಲ್ಲ. ಆದರೆ ಸಭಾಭವನ ಯಾರ ಮನೆಯ ಮದುವೆಗೆ ತಪ್ಪದೆ ಸಿಗುತ್ತದೆ, ವಿದ್ಯಾರ್ಥಿನಿಲಯದ ಸೀಟು ಯಾರ ಚೀಟಿಗೆ ದೊರೆಯುತ್ತದೆ, ಒಂದೇ ಮನೆತನ ಎಷ್ಟು ತಲೆಮಾರಿನಿಂದ ಕಾರ್ಯದರ್ಶಿಯ ಕುರ್ಚಿಯಲ್ಲಿದೆ ಎಂಬುದು ಯಾವ ಆಡಿಟ್ ವರದಿಯಲ್ಲೂ ಕಾಣುವುದಿಲ್ಲ. ಜಮಾ-ಖರ್ಚು ಪೈಸೆಗೆ ಪೈಸೆ ಹೊಂದುತ್ತದೆ.

ಪುಸ್ತಕಕ್ಕಾಗಿ ಇನ್ನೂ ಏಳು ವರ್ಷಗಳ ಶಿಕ್ಷೆ ಬಂತು. 1961ರ ಜನವರಿಯಲ್ಲಿ ಬಿಡುಗಡೆ. ಮರುವರ್ಷ, ಸ್ಟಾಲಿನ್ನರೊಡನೆ ನಡೆದ ಭೇಟಿಗಳ ಪುಸ್ತಕಕ್ಕಾಗಿ ಮತ್ತೆ ಬಂಧನ. ಸೆರೆಯಲ್ಲಿ ಅವರು ಮಿಲ್ಟನ್ ಕವಿಯ 'ಪ್ಯಾರಡೈಸ್ ಲಾಸ್ಟ್' ಕಾವ್ಯವನ್ನು ಶೌಚದ ಕಾಗದದ ಮೇಲೆ ತಮ್ಮ ಭಾಷೆಗೆ ಅನುವಾದಿಸಿದರು. ಪತ್ನಿ ಸ್ಟೆಫಾನಿಯಾ ಹೊರಗೆ ಎಳೆಯ ಮಗನನ್ನು ಬೆಳೆಸಿದರು. ಆಕೆಯ ಪಾಲಿನ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಬರೆದಿಡಲಿಲ್ಲ. 1966ರ ಜುಲೈಯಲ್ಲಿ ರಹಸ್ಯ ಪೊಲೀಸರ ಒಡೆಯರಾಗಿದ್ದ ರಾಂಕೊವಿಚ್ ಅವರೇ ಪದಚ್ಯುತರಾದರು. ಆ ವರ್ಷದ ಕೊನೆಯ ದಿನ ಜಿಲಾಸರು ಹೊರಬಂದರು. ಟಿಟೊ ಆಳ್ವಿಕೆಯಲ್ಲಿ ಕಳೆದ ಸೆರೆವಾಸ ಒಟ್ಟು ಸುಮಾರು ಒಂಬತ್ತು ವರ್ಷ.

ಆಮೇಲೆ ನೆನಪುಗಳ ಸಂಪುಟಗಳನ್ನು ಬರೆದರು. ಯುದ್ಧದ ಸಂಪುಟದಲ್ಲಿ ತಮ್ಮ ಪಕ್ಷದವರು ಮಾಡಿದ ಕೊಲೆಗಳನ್ನು ಬಚ್ಚಿಡಲಿಲ್ಲ. 1990ರ ದಶಕದಲ್ಲಿ ಮಿಲೊಸೆವಿಚ್ ಅವರ ಜನಾಂಗೀಯ ರಾಜಕಾರಣವನ್ನೂ ಬೋಸ್ನಿಯಾ ಯುದ್ಧವನ್ನೂ ವಿರೋಧಿಸಿದರು. ಕಮ್ಯುನಿಸ್ಟರಿಗೆ ದ್ರೋಹಿಯಾಗಿದ್ದವರು ಈಗ ಸೆರ್ಬ್ ರಾಷ್ಟ್ರವಾದಿಗಳ ಕಣ್ಣಿಗೂ ದ್ರೋಹಿಯಾದರು. 1995ರ ಏಪ್ರಿಲ್ 20ರಂದು ಬೆಲ್‌ಗ್ರೇಡಿನಲ್ಲಿ ತೀರಿಕೊಂಡಾಗ, ಅವರು ಕಟ್ಟಲು ಹೆಗಲು ಕೊಟ್ಟಿದ್ದ ದೇಶ ಒಡೆದು ಹೋಳಾಗಿತ್ತು. ದೇಹವನ್ನು ಪೊಡ್ಬಿಷ್ಚೆಗೆ ಒಯ್ದು, ಹುಟ್ಟಿದ ಹಳ್ಳಿಯಲ್ಲಿಯೇ ಮಣ್ಣು ಮಾಡಿದರು.