ಗೋಡೆ ಇದ್ದರೆ ಸಾಲದು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಪಾಲಕರ ಸಭೆಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಮಾಡಿದ ಭಾಷಣ)



ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳ ನಡುವೆ ಬಾಳಿದವಳು ನಾನು. ನಮ್ಮ ಶಾಲೆಯ ಆಟದ ಬಯಲಿಗೆ ಸುತ್ತಲೂ ಗೋಡೆಯಿತ್ತು. ಗೋಡೆಗೊಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಆದರೂ ಬಿಡುವಿನ ವೇಳೆಯಲ್ಲಿ ಉಪಾಧ್ಯಾಯಿನಿಯೊಬ್ಬಳು ಬಯಲಿನಲ್ಲಿ ನಿಂತಿರಲೇಬೇಕೆಂಬ ನಿಯಮವಿತ್ತು. ಗೋಡೆಯಿರುವಾಗ ಈ ಬಿಸಿಲಿನಲ್ಲಿ ನಾವೇಕೆ ನಿಲ್ಲಬೇಕೆಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಗೊಣಗಿದ್ದುಂಟು. ಆ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು ನಿವೃತ್ತಿಯ ನಂತರ, ನನ್ನ ಮೊಮ್ಮಗಳಿಂದ.

ಒಂಬತ್ತು ವರ್ಷದ ಆ ಹುಡುಗಿ ಮೊಬೈಲಿನಲ್ಲಿ, ಮಕ್ಕಳಿಗೆಂದೇ ಮಾಡಿದ್ದೆಂದು ಹೇಳಿಕೊಳ್ಳುವ ಆಟವೊಂದನ್ನು ಆಡುತ್ತಿದ್ದಳು. ಆಡುವವರು ಒಬ್ಬರಿಗೊಬ್ಬರು ಮಾತು ಬರೆದು ಕಳುಹಿಸಬಹುದಿತ್ತು. ಒಂದು ಸಂಜೆ ಅವಳು ಅಡುಗೆಮನೆಗೆ ಬಂದು, "ಅಜ್ಜಿ, ಒಬ್ಬಳು ನನ್ನ ಶಾಲೆ ಯಾವುದೆಂದು ಕೇಳುತ್ತಿದ್ದಾಳೆ. ಫೋಟೋ ಕಳಿಸು, ಮನೆಯಲ್ಲಿ ಹೇಳಬೇಡ ಅನ್ನುತ್ತಾಳೆ. ಅವಳೂ ನಾಲ್ಕನೆಯ ತರಗತಿಯಂತೆ" ಎಂದಳು. ಹಾಗೆ ಬರೆದವರು ಹುಡುಗಿಯೋ, ಗಂಡಸೋ, ಇಂದಿಗೂ ನಮಗೆ ತಿಳಿಯದು. ಆಟವನ್ನು ನಡೆಸುವವರಿಗೆ ದೂರು ಬರೆದೆವು. ವಾರ ಕಳೆದ ಮೇಲೆ, ಯಾರಿಗೆ ಬೇಕಾದರೂ ಕಳುಹಿಸಬಹುದಾದಂತಹ ಎರಡು ಸಾಲಿನ ಉತ್ತರ ಬಂತು. ಆ ಬಯಲಿಗೆ ಗೋಡೆಯಿತ್ತು. ಒಳಗೆ ನಿಂತು ನೋಡುವವರು ಯಾರೂ ಇರಲಿಲ್ಲ.

ಮಕ್ಕಳು ಸಾಮಾಜಿಕ ಜಾಲತಾಣಗಳತ್ತ ಸುಳಿಯಲೇಬಾರದೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮೊಬೈಲನ್ನು ಅವರ ಕೈಗಿತ್ತವರು ನಾವೇ. ಗೆಳೆಯರೊಡನೆ ಮಾತನಾಡುವ ಹಂಬಲ ಮಗುವಿಗೆ ಸಹಜವಾದುದು. ಹಾಗಾದರೆ ಸುರಕ್ಷಿತವಾದ ತಾಣವೆಂದರೆ ಯಾವುದು? ಇದಕ್ಕೆ ಒಂದು ನಿಜವಾದ ಕಥೆಯನ್ನು ಹೇಳುತ್ತೇನೆ.

2005ರಲ್ಲಿ ಕೆನಡಾ ದೇಶದ ಕೆಲೋನಾ ಎಂಬ ಊರಿನಲ್ಲಿ ಕೆಲವರು ಸೇರಿ 'ಕ್ಲಬ್ ಪೆಂಗ್ವಿನ್' ಎಂಬ ತಾಣವನ್ನು ಆರಂಭಿಸಿದರು. ಮಗು ಇಲ್ಲಿ ಪೆಂಗ್ವಿನ್ ಹಕ್ಕಿಯ ರೂಪ ತಾಳಿ, ಹಿಮದ ದ್ವೀಪವೊಂದರಲ್ಲಿ ಓಡಾಡಿ, ಆಟಗಳನ್ನಾಡಿ ನಾಣ್ಯ ಗಳಿಸಿ, ತನ್ನ ಹಿಮದ ಮನೆಯನ್ನು ಅಲಂಕರಿಸಿಕೊಳ್ಳುತ್ತಿತ್ತು. ಮಾತನಾಡಲು ಎರಡು ದಾರಿಗಳಿದ್ದವು. ಒಂದರಲ್ಲಿ ಮಗು ಏನನ್ನೂ ತಾನಾಗಿ ಬರೆಯುವಂತಿರಲಿಲ್ಲ. ಮೊದಲೇ ಸಿದ್ಧಪಡಿಸಿದ ವಾಕ್ಯಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬೇಕಾಗಿತ್ತು. ಇನ್ನೊಂದರಲ್ಲಿ ಬರೆಯಬಹುದಾಗಿತ್ತು, ಆದರೆ ಪ್ರತಿಯೊಂದು ಮಾತೂ ಜರಡಿಯ ಮೂಲಕ ಹಾದುಹೋಗುತ್ತಿತ್ತು. ಕೆಟ್ಟ ಮಾತನ್ನೂ ದೂರವಾಣಿ ಸಂಖ್ಯೆಯನ್ನೂ ತಡೆಯುವುದು ಆ ಜರಡಿಯ ಕೆಲಸ. ಜರಡಿಯನ್ನೇ ನಂಬಿ ಕೂರದೆ, ಸಂಬಳ ಪಡೆಯುವ ಮೇಲ್ವಿಚಾರಕರನ್ನೂ ನೇಮಿಸಿದ್ದರು. ಮಕ್ಕಳು ಕೊಟ್ಟ ದೂರನ್ನು ಅವರು ನೋಡಿ, ತಪ್ಪಿತಸ್ಥರನ್ನು ಕೆಲಕಾಲವೋ ಶಾಶ್ವತವಾಗಿಯೋ ಹೊರಗೆ ಹಾಕುತ್ತಿದ್ದರು. ಅನ್ಯರ ಜಾಹೀರಾತುಗಳಿಗೆ ಅಲ್ಲಿ ಎಡೆಯಿರಲಿಲ್ಲ. ಸದಸ್ಯರ ಚಂದಾಹಣವೇ ಮುಖ್ಯ ಆದಾಯ. 2007ರಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆಯು ಇದನ್ನು 35 ಕೋಟಿ ಡಾಲರಿಗೆ ಕೊಂಡಿತು. 2017ರ ಮಾರ್ಚಿಯಲ್ಲಿ ತಾಣವನ್ನು ಮುಚ್ಚಲಾಯಿತು.

ಕಥೆಯ ಮುಖ್ಯ ಭಾಗ ಇನ್ನು ಮುಂದಿದೆ. ಮುಚ್ಚಿದ ತಾಣದ ನಕಲುಗಳನ್ನು ಯಾರು ಯಾರೋ ಅನುಮತಿಯಿಲ್ಲದೆ ನಡೆಸತೊಡಗಿದರು. ಅದೇ ದ್ವೀಪ, ಅದೇ ಹಿಮ, ಅವೇ ಪೆಂಗ್ವಿನ್‌ಗಳು. 2020ರಲ್ಲಿ ಸಾಂಕ್ರಾಮಿಕದಿಂದ ಮನೆಯಲ್ಲೇ ಉಳಿದ ಮಕ್ಕಳು ಇವುಗಳಿಗೆ ಮುಗಿಬಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬಿ.ಬಿ.ಸಿ. ನಡೆಸಿದ ತನಿಖೆಯಲ್ಲಿ, ಇಂತಹದೊಂದು ದೊಡ್ಡ ನಕಲು ತಾಣದಲ್ಲಿ ಅಶ್ಲೀಲವೂ ಜನಾಂಗದ್ವೇಷದವೂ ಆದ ಮಾತುಗಳು ಮಕ್ಕಳ ಕಣ್ಣಿಗೆ ಬೀಳುತ್ತಿದ್ದುದು ಬಯಲಾಯಿತು. ಅದಕ್ಕೆ ಸಂಬಂಧಪಟ್ಟ ವ್ಯಕ್ತಿಯೊಬ್ಬನನ್ನು, ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಂಡಿದ್ದ ಶಂಕೆಯ ಮೇಲೆ ಲಂಡನ್ನಿನ ಪೊಲೀಸರು ಬಂಧಿಸಿದರು. ಡಿಸ್ನಿ ಸಂಸ್ಥೆಯ ಒತ್ತಾಯದಿಂದ ಆ ತಾಣ ಮುಚ್ಚಿತು. ಹೊರಗಿನಿಂದ ನೋಡಿದ ತಾಯಿಗೆ ಎರಡೂ ಒಂದೇ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಚಿತ್ರವನ್ನು ನಕಲು ಮಾಡುವುದು ಸುಲಭ. ಕಾಯುವ ಮನುಷ್ಯರಿಗೆ ಸಂಬಳ ಕೊಡಬೇಕು, ರಾತ್ರಿಹಗಲು ಕೂರಿಸಬೇಕು.

ದೊಡ್ಡ ಸಂಸ್ಥೆಯ ಹೆಸರಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. ಪಾಲಕರು ಒಪ್ಪಿದವರೊಡನೆ ಮಾತ್ರ ಮಗು ಮಾತನಾಡಬಹುದೆಂಬ ಭರವಸೆಯಿತ್ತು ಫೇಸ್‌ಬುಕ್ ಸಂಸ್ಥೆಯು 2017ರಲ್ಲಿ 'ಮೆಸೆಂಜರ್ ಕಿಡ್ಸ್' ಎಂಬುದನ್ನು ಹೊರತಂದಿತು. ಪಾಲಕರು ಒಪ್ಪದವರಿದ್ದ ಗುಂಪುಗಳಿಗೂ ಮಕ್ಕಳು ಸೇರಲು ಎಡೆಮಾಡಿದ ದೋಷವೊಂದು ಅದರಲ್ಲಿ ಇತ್ತೆಂದು 2019ರಲ್ಲಿ ಆ ಸಂಸ್ಥೆಯೇ ಪಾಲಕರಿಗೆ ತಿಳಿಸಬೇಕಾಯಿತು.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನಮ್ಮ ದೇಶದಲ್ಲಿ 2023ರಲ್ಲಿ ಆದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯ ಪ್ರಕಾರ, ಹದಿನೆಂಟು ವರ್ಷ ತುಂಬದವರ ವಿವರಗಳನ್ನು ಬಳಸುವುದಕ್ಕೆ ಪಾಲಕರ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹಂತಹಂತವಾಗಿ ಜಾರಿಗೆ ತರುವುದೆಂದು ಗೊತ್ತುಮಾಡಲಾಯಿತು. ಆದರೆ ಒಪ್ಪಿಗೆಯ ಗುಂಡಿಯನ್ನು ಒತ್ತುವವರು ನಾವು. ಹದಿಮೂರು ತುಂಬದವರಿಗೆ ಪ್ರವೇಶವಿಲ್ಲವೆಂದು ಬರೆದಿರುವ ತಾಣಕ್ಕೆ ಮಗುವಿನ ಹುಟ್ಟಿದ ವರ್ಷವನ್ನು ತಿದ್ದಿ ಸೇರಿಸುವವರೂ ನಾವೇ. ಈ ದೇವಾಲಯದ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ವರ್ಷ, ಮೊಬೈಲಿನಲ್ಲಿ ಇನ್ನೊಂದು ವರ್ಷ! ಸುಳ್ಳು ಹೇಳಿ ಒಳಗೆ ಹೋಗುವುದನ್ನು ಮಗುವಿಗೆ ಕಲಿಸಿದ ಮೇಲೆ, ಒಳಗಿರುವವರೂ ಸುಳ್ಳು ಹೇಳಿಯಾರೆಂದು ಯಾವ ಬಾಯಿಂದ ಎಚ್ಚರಿಸೋಣ?

ಆದುದರಿಂದ ಮಗುವನ್ನು ಯಾವುದೇ ತಾಣಕ್ಕೆ ಸೇರಿಸುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಅಪರಿಚಿತರು ಮಗುವಿಗೆ ನೇರವಾಗಿ ಬರೆಯಬಲ್ಲರೇ? ದೂರು ಕೊಟ್ಟರೆ ನೋಡುವವರು ಮನುಷ್ಯರೇ, ಯಂತ್ರವೇ? ತಾಣ ನಡೆಯುವುದು ಯಾರ ಹಣದಿಂದ? ಮಗುವಿನ ನಿಜವಾದ ಹೆಸರು, ಚಿತ್ರ, ಇರುವ ಸ್ಥಳಗಳನ್ನು ಅದು ಕೇಳುತ್ತದೆಯೇ? ಉತ್ತರ ದೊರೆಯದಿದ್ದರೆ ಸೇರಿಸಬೇಡಿರಿ. ಸೇರಿಸಿದರೆ, ಮೊದಲ ಕೆಲವು ದಿನ ಮಗುವಿನ ಪಕ್ಕದಲ್ಲಿ ಕುಳಿತು ನೀವೂ ಆಡಿರಿ. ಮೊಬೈಲು ಮಲಗುವ ಕೋಣೆಗೆ ಹೋಗದೆ ನಡುಮನೆಯಲ್ಲೇ ಇರಲಿ.

ಕೊನೆಯದಾಗಿ, ಆ ಸಂಜೆಯ ಮಾತು. ವಿಷಯ ತಿಳಿದೊಡನೆ ನನ್ನ ಮಗಳು ಸಿಟ್ಟಿನಿಂದ ಮೊಬೈಲನ್ನು ಕಿತ್ತುಕೊಳ್ಳಲು ಹೋದಳು. ನಾನು ತಡೆದೆ. "ಹೇಳಿದ್ದಕ್ಕೆ ಶಿಕ್ಷೆಯಾದರೆ ಇನ್ನೊಮ್ಮೆ ಹೇಳುವಳೇನಮ್ಮಾ?" ಎಂದೆ. ಆ ಮಾತುಗಳನ್ನು ಅಳಿಸದೆ ಚಿತ್ರ ತೆಗೆದಿಟ್ಟೆವು, ಬರೆದವರನ್ನು ತಡೆಹಿಡಿದೆವು, ಹೇಳಿದ್ದು ಒಳ್ಳೆಯದಾಯಿತೆಂದು ಮಗುವನ್ನು ತಬ್ಬಿಕೊಂಡೆವು. ಇಂತಹ ಸಂದರ್ಭದಲ್ಲಿ ನೆರವಿಗೆ 1098 ಎಂಬ ಮಕ್ಕಳ ಸಹಾಯವಾಣಿಯಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಕಾಯಿದೆಯೂ ಇದೆ. ಆದರೆ ಮಗು ಬಾಯಿಬಿಟ್ಟರೆ ತಾನೇ ಇವೆಲ್ಲ ಉಪಯೋಗಕ್ಕೆ ಬರುವುದು? ಅಂದು ಅವಳು ಅಡುಗೆಮನೆಗೆ ಬಾರದೆ ಇದ್ದಿದ್ದರೆ ಏನಾಗುತ್ತಿತ್ತೆಂದು ನೆನೆದು ಎಷ್ಟೋ ರಾತ್ರಿ ನಾನು ನಿದ್ದೆಗೆಟ್ಟಿದ್ದೇನೆ.

ನಿಮ್ಮ ಮಗು ನಾಳೆ ಇಂತಹದೇ ಒಂದು ಮಾತನ್ನು ಹೊತ್ತು ನಿಮ್ಮ ಬಳಿಗೆ ಬಂದಾಗ, ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು ಕೇಳಿರಿ. ಬಯಲಿನಲ್ಲಿ ನಿಲ್ಲುವ ಸರದಿ ಈಗ ನಿಮ್ಮದು.