ನೋವಿರುವ ಮಂಡಿ, ಮರಳಿ ಬಂದ ತೂಕ

(ಸಂಘದ ವಾರ್ಷಿಕ ಸಭೆಯ ಆರೋಗ್ಯ ಗೋಷ್ಠಿಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಮಸೀದಿಗಳಲ್ಲಿ ಕುರ್ಚಿಗಳ ಸಂಖ್ಯೆ ಹೆಚ್ಚುತ್ತಿರುವುದನ್ನು ತಾವೆಲ್ಲ ಗಮನಿಸಿರಬಹುದು. ಅದರಲ್ಲೊಂದು ನನ್ನದು. ನಿಲ್ಲಲಾಗದವರು ಕುಳಿತು ನಮಾಝ್ ಮಾಡಲು ಧರ್ಮದಲ್ಲಿ ರಿಯಾಯಿತಿ ಇದೆ. ಆದ್ದರಿಂದ ಕುರ್ಚಿಯ ಬಗ್ಗೆ ನನಗೆ ನಾಚಿಕೆಯಿಲ್ಲ. ಆದರೆ ನಾನು ಅಲ್ಲಿಗೆ ತಲುಪಿದ್ದರ ಹಿಂದೆ ಒಂದು ತಪ್ಪು ಲೆಕ್ಕವಿತ್ತು. ಅದನ್ನು ಹೇಳಲೆಂದೇ ಇಲ್ಲಿ ನಿಂತಿದ್ದೇನೆ.

ಐವತ್ತನಾಲ್ಕನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದಾಗ ಸುಬಹ್ ನಮಾಝಿನ ಬಳಿಕ ದಿನವೂ ಒಂದು ಗಂಟೆ ನಡೆದು, ಊಟವನ್ನೂ ಹಿಡಿತದಲ್ಲಿಟ್ಟು ಒಂಬತ್ತು ಕೆ.ಜಿ. ಇಳಿಸಿದ್ದೆ. ನಾಲ್ಕು ವರ್ಷಗಳ ನಂತರ ಬಲಮಂಡಿ ಹಿಡಿದುಕೊಂಡಿತು. ನಡಿಗೆ ನಿಂತಿತು, ಊಟ ಮೊದಲಿನ ದಾರಿ ಹಿಡಿಯಿತು. ಮೂರು ವರ್ಷಗಳಲ್ಲಿ ಹನ್ನೆರಡು ಕೆ.ಜಿ. ಮರಳಿ ಬಂತು. ಬಡ್ಡಿ ಹರಾಮೆಂದು ಜೀವನವಿಡೀ ದೂರವಿದ್ದವನಿಗೆ ತೂಕ ಮಾತ್ರ ಬಡ್ಡಿ ಸಮೇತ ಬಂತು! ಎಂಬತ್ತೆಂಟು ಕೆ.ಜಿ.ಗೆ ತಲುಪಿದೆ.

ತೂಕ ಇಳಿಸಿ ಎಂದರು ವೈದ್ಯರು. "ನಡೆಯಲಾಗದೆ ಹೇಗೆ ಇಳಿಸಲಿ? ಮೊದಲು ಮಂಡಿ ಸರಿಮಾಡಿ" ಎಂದೆ ನಾನು. ಇದೇ ಆ ತಪ್ಪು ಲೆಕ್ಕ. ಗಂಟಿನೊಳಗಿನ ಮೃದ್ವಸ್ಥಿ ಸವೆದರೆ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. ಮಂಡಿ ಪೂರ್ತಿ ವಾಸಿಯಾಗಲಿ ಎಂದು ಕಾಯುವವನು ಕಾಯುತ್ತಲೇ ಇರುತ್ತಾನೆ, ತೂಕ ಏರುತ್ತಲೇ ಇರುತ್ತದೆ.

ಇನ್ನೊಂದು ಲೆಕ್ಕವನ್ನೂ ಕೇಳಿ. ಮಂಡಿನೋವಿದ್ದ ಹಿರಿಯ ವಯಸ್ಸಿನವರ ಮೇಲೆ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಗಂಟಿನ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ.ಯಷ್ಟು ಇಳಿಯುತ್ತದೆಂದು ಅದರಲ್ಲಿ ಕಂಡುಬಂತು. 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 55 ದಾಟಿದ 454 ಮಂದಿ ಇದ್ದರು. ಹದಿನೆಂಟು ತಿಂಗಳ ಕೊನೆಗೆ, ಆಹಾರ ನಿಯಂತ್ರಣ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರಿಗೆ ಒಂದನ್ನೇ ಮಾಡಿದವರಿಗಿಂತ ನೋವು ಕಡಿಮೆಯಿತ್ತು. ಇವರೆಲ್ಲ ನನ್ನಂತೆಯೇ ಮಂಡಿನೋವಿನವರು ಎಂಬುದನ್ನು ಮರೆಯಬೇಡಿ.

ತೂಕ ಮರಳಿ ಬಂದರೆ ಮನೆಯವರು "ಬಾಯಿ ಚಪಲ" ಎನ್ನುತ್ತಾರೆ. ಸ್ವಲ್ಪ ನಿಜ, ಪೂರ್ತಿ ನಿಜವಲ್ಲ. ತೂಕ ಇಳಿದಾಗ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ, ಶಕ್ತಿಯ ಖರ್ಚು ಇಳಿಯುತ್ತದೆ. ಜೊತೆಗೆ ವಯಸ್ಸಾದಂತೆ ಸ್ನಾಯು ಕರಗುತ್ತದೆ. ಆದ್ದರಿಂದ ಎರಡನೇ ಸಲ ಶುರುಮಾಡುವುದು ಮೊದಲಿಗಿಂತ ಕಷ್ಟ. ಇದನ್ನು ತಿಳಿದ ಮೇಲೆ ನನ್ನ ಮೇಲೆ ನನಗಿದ್ದ ಸಿಟ್ಟು ಕಡಿಮೆಯಾಯಿತು.

ಈ ಸಲ ಕಾಲಿನಿಂದಲ್ಲ, ತಟ್ಟೆಯಿಂದ ಶುರುಮಾಡಿದೆ. ಅರ್ಧ ಗಂಟೆ ನಿಧಾನವಾಗಿ ನಡೆದರೆ ಖರ್ಚಾಗುವುದು ನೂರು, ನೂರಿಪ್ಪತ್ತು ಕ್ಯಾಲೊರಿ. ಸಕ್ಕರೆ ಕಾಯಿಲೆ ಇದ್ದೂ ನಾನು ದಿನಕ್ಕೆ ಆರು ಚಹಾ ಕುಡಿಯುತ್ತಿದ್ದೆ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಅದೇ ಸುಮಾರು 200 ಕ್ಯಾಲೊರಿ! ಸಕ್ಕರೆ ಬಿಟ್ಟೆ. ಕುಚ್ಚಲಕ್ಕಿ ಅನ್ನವನ್ನು ಅರ್ಧಕ್ಕಿಳಿಸಿ ಆ ಜಾಗಕ್ಕೆ ಬಸಳೆ, ಹರಿವೆ, ಹೆಸರುಕಾಳು ಹಾಕಿಸಿದೆ. ಬಂಗುಡೆ ಬಿಡಲಿಲ್ಲ, ಎಣ್ಣೆಯಲ್ಲಿ ಹುರಿಯುವುದನ್ನು ಬಿಟ್ಟು ಸಾರು ಮಾಡಿಸಿದೆ. ಸ್ನಾಯು ಉಳಿಯಲು ಪ್ರೋಟೀನು ಬೇಕಲ್ಲ.

ಫಿಸಿಯೋಥೆರಪಿಯವರು ಕುರ್ಚಿಯ ಮೇಲೆಯೇ ವ್ಯಾಯಾಮ ಹೇಳಿಕೊಟ್ಟರು. ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ ಐದು ಎಣಿಸಿ ಇಳಿಸುವುದು, ಹತ್ತು ಸಲ. ಮತ್ತೆ ಇನ್ನೊಂದು ಕಾಲು. ತೊಡೆಯ ಸ್ನಾಯು ಗಟ್ಟಿಯಾದಂತೆ ಮಂಡಿಗೆ ಆಸರೆ ಸಿಗುತ್ತದೆ. ಆರು ವಾರಗಳ ನಂತರ ಮನೆಯಂಗಳದಲ್ಲಿ ಹತ್ತು ನಿಮಿಷ ನಡೆಯತೊಡಗಿದೆ. ಮೊದಲ ಗುರಿ ತೂಕದ ನೂರರಲ್ಲಿ ಐದು ಪಾಲು, ಅಂದರೆ ನಾಲ್ಕೂವರೆ ಕೆ.ಜಿ. ಅದಕ್ಕೆ ಐದು ತಿಂಗಳು ಹಿಡಿಯಿತು. ನಡುವೆ ಒಂದು ಮದುವೆಯ ಸೀಸನ್ನಿನಲ್ಲಿ ಒಂದೂವರೆ ಕೆ.ಜಿ. ಮರಳಿ ಏರಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ಮಂಡಿಸವೆತ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಹೊರಗೆ ನಡೆಯಲು ಅನುಕೂಲವಿಲ್ಲದಿದ್ದರೂ ಈ ಕುರ್ಚಿಯ ವ್ಯಾಯಾಮಕ್ಕೆ ಅಡುಗೆಮನೆಯೇ ಸಾಕು. ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ಇಳಿಸಬಾರದು, ರಕ್ತದಲ್ಲಿ ಸಕ್ಕರೆ ಏಕಾಏಕಿ ಕುಸಿದೀತು. ಮಂಡಿ ಊದಿ, ಬಿಸಿಯಾಗಿ, ಜ್ವರವೂ ಬಂದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ಅಜ್ಜಿ ಸಾಕು ಎಂದ ಮೇಲೆ "ಇನ್ನೊಂದು ಸೌಟು" ಎಂದು ಬಡಿಸಬೇಡಿ. ನಮ್ಮಲ್ಲಿ ಅದೇ ಪ್ರೀತಿಯೆಂದು ನನಗೂ ಗೊತ್ತು. ಅದರ ಬದಲು ಹತ್ತು ನಿಮಿಷ ಅವರ ಕೈ ಹಿಡಿದು ಅಂಗಳದಲ್ಲಿ ನಡೆಯಿರಿ.

ಈಗ ನನ್ನ ತೂಕ ಎಂಬತ್ತೊಂದು. ಮಂಡಿ ವಾಸಿಯಾಗಿಲ್ಲ, ಸುಜೂದ್‌ಗೆ ಕುರ್ಚಿ ಈಗಲೂ ಬೇಕು. ಆದರೆ ಸುಬಹ್‌ನ ಎರಡು ರಕಅತ್‌ಗಳಲ್ಲಿ ಕಿಯಾಮ್ ಪೂರ್ತಿ ನಿಂತೇ ಮಾಡುತ್ತೇನೆ. ಸಭೆಯ ಬಳಿಕ ಬಿರಿಯಾನಿ ಇದೆಯೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ನನಗೆ ಅರ್ಧ ಪ್ಲೇಟು ಸಾಕೆಂದು ಆಗಲೇ ತಿಳಿಸಿದ್ದೇನೆ. ವಸ್ಸಲಾಮು ಅಲೈಕುಂ.